ಕೊಡಗಿನ ಮಳೆಗಾಲದಲ್ಲಿ ಹಸುಗೂಸಿನ ಚರ್ಮದ ಆರೈಕೆ

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ದಿನಗಳಲ್ಲಿ, ಬಾಣಂತನ ಮಾಡುವವರಿಗೆ ಎರಡು ಹೊಣೆಗಳು ಒಟ್ಟಿಗೇ ಬೀಳುತ್ತವೆ: ಮಗುವನ್ನು ಬೆಚ್ಚಗಿಡಬೇಕು, ಅದರ ಚರ್ಮ ತೇವದಲ್ಲಿ ನೆನೆಯದಂತೆಯೂ ಕಾಯಬೇಕು. ನವಜಾತ ಶಿಶುವಿನ ಚರ್ಮ ದೊಡ್ಡವರ ಚರ್ಮಕ್ಕಿಂತ ತೆಳುವಾಗಿದ್ದು, ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚಾಗಿರುವುದರಿಂದ, ಒಳಗಿನ ಶಾಖ ಬೇಗ ಹೊರಹೋಗುತ್ತದೆ, ಮೇಲೆ ಹಚ್ಚಿದ ವಸ್ತು ಬೇಗ ಒಳಸೇರುತ್ತದೆ.

ಹುಟ್ಟಿದಾಗ ಮೈಗೆ ಅಂಟಿರುವ ಬಿಳಿಯ ಜಿಡ್ಡನ್ನು ಕೊಳೆಯೆಂದು ಉಜ್ಜಿ ತೆಗೆಯಬಾರದು. ಅದು ಚರ್ಮದ ತೇವವನ್ನು ಹಿಡಿದಿಟ್ಟು ಸೋಂಕನ್ನು ತಡೆಯುತ್ತದೆ. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ಮುಂದೂಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ನಂತರವೂ ಮಳೆ ಹೊಡೆಯುವ ದಿನ ನೀರು ಎರೆಯಲೇಬೇಕೆಂದಿಲ್ಲ. ಮುಖ, ಕತ್ತಿನ ಮಡಿಕೆ, ಕಂಕುಳು ಮತ್ತು ತೊಡೆಸಂದುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಗಿಸಿದರೆ ಸಾಕು. ಹಂಡೆಯ ಬಿಸಿನೀರು ಬಾಣಂತಿಗೆ ಹಿತವಾಗಬಹುದು, ಮಗುವಿಗೆ ಆ ಬಿಸಿ ತಕ್ಕದ್ದಲ್ಲ. ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿಯೇ ಎರೆಯಬೇಕು.

ಮೊದಲ ವಾರಗಳಲ್ಲಿ ಕಾಣುವ ಹಲವು ಬದಲಾವಣೆಗಳಿಗೆ ಔಷಧವೇ ಬೇಕಿಲ್ಲ. ಕೈಕಾಲುಗಳ ಸಿಪ್ಪೆ ಏಳುತ್ತದೆ. ಮೂಗಿನ ಮೇಲೆ ಸಣ್ಣ ಬಿಳಿ ಚುಕ್ಕೆಗಳಿರುತ್ತವೆ. ಎರಡನೆಯ ಅಥವಾ ಮೂರನೆಯ ದಿನ ಎದ್ದು ಬರುವ, ನಡುವೆ ಬಿಳಿಯ ಅಥವಾ ಹಳದಿಯ ಮೊನೆಯಿರುವ ಕೆಂಪು ಮಚ್ಚೆಗಳು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾವಾಗಿಯೇ ಹೋಗುತ್ತವೆ. ಸೊಂಟದ ಹಿಂಭಾಗದ ನೀಲಿ ಮಚ್ಚೆ ಪೆಟ್ಟಿನ ಗುರುತಲ್ಲ; ಅದು ವರ್ಷಗಳಲ್ಲಿ ಮಾಸುತ್ತದೆ.

ಕಾಮಾಲೆಯ ಮಾತು ಬೇರೆ. ಮೋಡ ಕವಿದ ಮನೆಯೊಳಗೆ ಹಳದಿ ಬಣ್ಣ ಸುಲಭವಾಗಿ ಕಣ್ಣು ತಪ್ಪಿಸುತ್ತದೆ. ಆದ್ದರಿಂದ ಮಗುವನ್ನು ಹಗಲಿನಲ್ಲಿ ಕಿಟಕಿಯ ಬಳಿ ತಂದು, ಹಣೆ ಮತ್ತು ಎದೆಯನ್ನು ಬೆರಳಿನಿಂದ ಮೆಲ್ಲನೆ ಒತ್ತಿ ಬಿಟ್ಟು ನೋಡಬೇಕು. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಯಾವಾಗಲೇ ಆಗಲಿ ಅಂಗೈ ಅಂಗಾಲುಗಳಿಗೆ ಹಳದಿ ಹಬ್ಬಿದರೆ, ಬಿಸಿಲು ಬರಲೆಂದು ಕಾಯದೆ ಆಸ್ಪತ್ರೆಗೆ ಕೊಂಡೊಯ್ಯಬೇಕು. ಬಿಸಿಲು ಕಾಯಿಸುವುದು ಅಂಥ ಕಾಮಾಲೆಗೆ ಚಿಕಿತ್ಸೆಯಲ್ಲ.

ಇನ್ನು ಬಟ್ಟೆ. ಭಾಗಮಂಡಲ, ನಾಪೋಕ್ಲು, ಮಡಿಕೇರಿಯ ಕಡೆ ವಾರಗಟ್ಟಲೆ ಬಿಸಿಲು ಕಾಣದಿರುವಾಗ ಲಂಗೋಟಿಗಳು ಒಣಗಿದಂತೆ ಕಂಡರೂ ಹೊಲಿಗೆಯ ಬಳಿ ತೇವ ಉಳಿದಿರುತ್ತದೆ, ಆ ತೇವದಲ್ಲಿ ತೊಡೆಸಂದಿನ ಚರ್ಮ ಕೆಂಪಾಗಿ ಶಿಲೀಂಧ್ರದ ಸೋಂಕು ತಗಲುತ್ತದೆ. ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಗಾಳಿಯಾಡುವ ಕಡೆ ಹರಡಿ, ತೊಡಿಸುವ ಮೊದಲು ಎರಡೂ ಮಗ್ಗುಲು ಇಸ್ತ್ರಿ ಮಾಡುವುದು ಉತ್ತಮ. ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿದ ಬಟ್ಟೆ ಬೇಡ. ಒದ್ದೆಯಾದ ಲಂಗೋಟಿಯನ್ನಾಗಲಿ ಡೈಪರನ್ನಾಗಲಿ ಕೂಡಲೇ ಬದಲಿಸಿ, ದಿನದಲ್ಲಿ ಕೆಲವು ಸಲ ಬೆಚ್ಚಗಿನ ಕೋಣೆಯಲ್ಲಿ ಆ ಭಾಗವನ್ನು ಗಾಳಿಗೆ ಬಿಡಬೇಕು. ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ ಉಣ್ಣೆಯ ಟೋಪಿ, ಕಂಬಳಿಗಳನ್ನು ನೇರವಾಗಿ ಮಗುವಿಗೆ ಹೊದಿಸಲೇಬಾರದೆಂದು ಒತ್ತಿ ಹೇಳಬೇಕಾಗಿದೆ; ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದರ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು, ಮತ್ತು ಆ ಕೊರತೆ ಮಗುವಿಗೆ ಇದೆಯೋ ಇಲ್ಲವೋ ಎಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ.

ಶುದ್ಧ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಮೆಲ್ಲನೆ ಸವರಬಹುದು. ಸಾಸಿವೆ ಎಣ್ಣೆ, ಕಡಲೆಹಿಟ್ಟಿನ ತಿಕ್ಕಾಟ, ಪೌಡರು, ಕಣ್ಣಿಗೆ ಕಾಡಿಗೆ, ಸಾಂಬ್ರಾಣಿ ಹೊಗೆ ಇವು ಬೇಡ. ಹೊಕ್ಕುಳಬಳ್ಳಿಗೆ ಅರಿಶಿನವನ್ನಾಗಲಿ ಬೂದಿಯನ್ನಾಗಲಿ ಹಚ್ಚದೆ ಒಣದಾಗಿ ಬಿಟ್ಟರೆ ಅದು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಉದುರುತ್ತದೆ. ಹಿರಿಯರು ಪ್ರೀತಿಯಿಂದಲೇ ಹಚ್ಚುತ್ತಾರೆ. ಹಾಗಾಗಿ ಕಾರಣವನ್ನು ಗೌರವದಿಂದ ವಿವರಿಸಿ ತಡೆಯಬೇಕು.

ಹೊಕ್ಕುಳ ಸುತ್ತ ಕೆಂಪಾಗಿ ಕೀವು ಬಂದರೆ, ಮೈಮೇಲೆ ಕೀವುಗುಳ್ಳೆಗಳು ಕಾಣಿಸಿದರೆ, ಮಗು ಹಾಲು ಕುಡಿಯುವುದನ್ನು ಬಿಟ್ಟು ಸಪ್ಪಗಾದರೆ, ಅಥವಾ ಕಂಕುಳಿನ ಉಷ್ಣತೆ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದು, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಹೊದಿಸಿದರೂ ಏರದಿದ್ದರೆ, ಅಥವಾ 37.5 ಡಿಗ್ರಿ ದಾಟಿದರೆ, ಆ ದಿನವೇ ವೈದ್ಯರನ್ನು ಕಾಣಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ನೀಡಬೇಕೆಂಬ ಕ್ರಮವಿದೆ. ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆಯಲ್ಲಿ) ಇರುವವರೂ ಇದನ್ನು ಕೇಳಿ ಪಡೆಯಬೇಕು, ಆಕೆ ಬಂದಾಗ ಮಗುವಿನ ಬಟ್ಟೆ ಬಿಚ್ಚಿ ಮೈಯನ್ನು ಪೂರ್ತಿಯಾಗಿ ತೋರಿಸಬೇಕು. ಮಳೆಗೆ ರಸ್ತೆ ಕೆಡುವ ಊರುಗಳಲ್ಲಿ ಮೇಲಿನ ಅಪಾಯದ ಲಕ್ಷಣ ಕಂಡರೆ ಕತ್ತಲಾಗುವವರೆಗೆ ಕಾಯದೆ 108 ಆಂಬುಲೆನ್ಸ್‌ಗೆ ಕರೆಮಾಡಬೇಕು.