ಆಫೀಸು ಬಿಟ್ಟು ಸಂಗೀತೋದ್ಯಮಕ್ಕೆ: ಮೈಕ್ ಕೊಳ್ಳುವ ಮೊದಲು ಒಂದು ಹಾಡಿನ ಕಾಗದಪತ್ರ ಓದಿ

ಬ್ಯಾಂಕು, ಎಫ್‌ಎಂಸಿಜಿ, ಐಟಿ ಸೇಲ್ಸ್ ಎಂದು ಎಂಟ್ಹತ್ತು ವರ್ಷ ದುಡಿದವರು ಸಂಗೀತದ ಕಡೆ ಹೊರಳುವಾಗ ಮಾಡುವುದೆಲ್ಲ ಹೆಚ್ಚುಕಡಿಮೆ ಒಂದೇ ತರಹ. ಕಂಡೆನ್ಸರ್ ಮೈಕ್ ಕೊಳ್ಳುತ್ತಾರೆ, ಪ್ರೈವೇಟ್ ಲಿಮಿಟೆಡ್ ಕಂಪನಿ ನೋಂದಾಯಿಸುತ್ತಾರೆ, ಲೋಗೊ ಮಾಡಿಸುತ್ತಾರೆ, ಪರಿಚಯದ ಗಾಯಕರಿಂದ ಒಂದು ಭಾವಗೀತೆ ಹಾಡಿಸಿ ಯೂಟ್ಯೂಬಿಗೆ ಏರಿಸುತ್ತಾರೆ. ಅಷ್ಟರಲ್ಲಿ ಕಾಪಿರೈಟ್ ಕ್ಲೇಮ್ ಬಂದು ಕೂತಿರುತ್ತದೆ. ಅವರು ಅದುವರೆಗೆ ಕಲಿತ ಲೆಕ್ಕ, ಒಪ್ಪಂದ, ವಸೂಲಿ, ಫಾಲೋಅಪ್ ಯಾವುದೂ ಇಲ್ಲಿ ಬಳಕೆಯಾಗುವುದಿಲ್ಲ. ನಿಜವಾಗಿ ಈ ಉದ್ಯಮಕ್ಕೆ ಕೊರತೆಯಿರುವುದು ಅದೇ.

1. ಯಾವ ಕುರ್ಚಿ ಎಂದು ತೀರ್ಮಾನಿಸಿ

ಸೇಲ್ಸ್‌ನವರಿಗೆ ಬ್ರ್ಯಾಂಡ್ ಪ್ರಾಯೋಜಕತ್ವ, ಜಾಹೀರಾತು ಮತ್ತು ವೆಬ್‌ ಸರಣಿಗಳಿಗೆ ಹಾಡಿನ ಲೈಸೆನ್ಸ್ ಮಾರುವ ಕೆಲಸ, ಕಾರ್ಯಕ್ರಮಗಳ ಬುಕಿಂಗ್. ಫೈನಾನ್ಸ್‌ನವರಿಗೆ ರಾಯಲ್ಟಿ ಲೆಕ್ಕ. ಮಾರ್ಕೆಟಿಂಗ್‌ನವರಿಗೆ ಆಡಿಯೊ ಕಂಪನಿಯ ಡಿಜಿಟಲ್ ವಿಭಾಗ. ಆಪರೇಷನ್ಸ್ ಅಥವಾ ಕಾನೂನು ಗೊತ್ತಿದ್ದವರಿಗೆ ಹಕ್ಕುಗಳ ತಪಾಸಣೆ ಮತ್ತು ಮೆಟಾಡೇಟಾ, ಅಂದರೆ ಹಾಡಿನ ಜೊತೆ ದಾಖಲಾಗುವ ಹೆಸರು, ಸಂಖ್ಯೆಗಳ ವಿವರ. ಕೊನೆಯದಕ್ಕೆ ಪೈಪೋಟಿ ಕಡಿಮೆ, ಕಲಿಕೆ ಹೆಚ್ಚು. ಗೊಂದಲವಿದ್ದರೆ ಅದನ್ನೇ ಹಿಡಿಯಿರಿ. ಕಲಾವಿದರ ಮ್ಯಾನೇಜರ್ ಆಗುವುದನ್ನು ಮೊದಲ ಕೆಲಸ ಮಾಡಿಕೊಳ್ಳಬೇಡಿ. ಮ್ಯಾನೇಜರ್ ಕಮಿಷನ್ ಸಾಮಾನ್ಯವಾಗಿ ಶೇ 15ರಿಂದ 20. ಕಲಾವಿದರಿಗೇ ದುಡಿಮೆ ಇಲ್ಲದ ಮೊದಲ ವರ್ಷಗಳಲ್ಲಿ ಶೇ 20 ಅಂದರೆ ಶೂನ್ಯದ ಶೇ 20.

ದೊಡ್ಡ ಲೇಬಲ್‌ಗಳ (ಹಾಡು ಹೊರತರುವ ಆಡಿಯೊ ಕಂಪನಿಗಳ), ರಾಯಲ್ಟಿ ವಸೂಲಿ ಮಾಡುವ ಹಕ್ಕು ಸಂಸ್ಥೆಗಳ ಕಚೇರಿಗಳು ಬಹುಪಾಲು ಮುಂಬೈಯಲ್ಲಿವೆ. ಬೆಂಗಳೂರಿನಲ್ಲಿ ಲಹರಿ, ಆನಂದ್ ಆಡಿಯೊದಂಥ ಕಂಪನಿಗಳಿವೆ. ಕನ್ನಡದ ಆಡಿಯೊ ವ್ಯವಹಾರ ಹೆಚ್ಚಾಗಿ ಪರಿಚಯದ ಮೇಲೆ ನಡೆಯುವಂಥದ್ದು. ನೌಕರಿ ಪೋರ್ಟಲ್‌ನಲ್ಲಿ ಜಾಹೀರಾತು ಬರಲಿ ಎಂದು ಕಾಯುತ್ತಾ ಕೂರಬೇಡಿ.

2. ರಾಜೀನಾಮೆ ಈಗಲೇ ಬೇಡ

ಹನ್ನೆರಡು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ. ಈಗಿನ ಕೆಲಸದ ಒಪ್ಪಂದದಲ್ಲಿ ಬೇರೆಡೆ ದುಡಿಯಬಾರದೆಂಬ ಷರತ್ತು ಇದೆಯೇ, ನೀವು ಸೃಷ್ಟಿಸಿದ್ದೆಲ್ಲ ಕಂಪನಿಗೆ ಸೇರಿದ್ದೆಂಬ ಸಾಲು ಇದೆಯೇ ನೋಡಿ. ಇಷ್ಟು ಸಾಕು.

3. ಒಂದು ಹಾಡನ್ನು ಬಿಚ್ಚಿ ನೋಡಿ

ಎಲ್ಲರೂ ಜಾರುವುದು ಇಲ್ಲೇ. ಇದಕ್ಕೆ ಎರಡು ತಿಂಗಳು ಕೊಟ್ಟರೂ ಹೆಚ್ಚಲ್ಲ.

ಹಾಡು ಒಂದೇ ಆಸ್ತಿಯಲ್ಲ. ಸಾಹಿತ್ಯ ಒಂದು, ರಾಗಸಂಯೋಜನೆ ಇನ್ನೊಂದು, ಸ್ಟುಡಿಯೊದಲ್ಲಿ ಮಾಡಿದ ಧ್ವನಿಮುದ್ರಣ ಮೂರನೆಯದು. ಇವುಗಳ ಜೊತೆಗೆ ಹಾಡಿದವರ ಪ್ರದರ್ಶಕ ಹಕ್ಕು. ನಾಲ್ಕಕ್ಕೂ ಒಡೆಯರು ಬೇರೆ ಬೇರೆ ಇರಬಹುದು, ಹಣ ಬರುವ ದಾರಿಯೂ ಬೇರೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಆಯುಷ್ಯ ಮತ್ತು ಆಮೇಲೆ 60 ವರ್ಷ. ತೀರಿಕೊಂಡ ಮರುವರ್ಷದ ಜನವರಿಯಿಂದ ಎಣಿಕೆ. ಧ್ವನಿಮುದ್ರಣಕ್ಕೆ ಬಿಡುಗಡೆಯಿಂದ 60 ವರ್ಷ.

ಕನ್ನಡದಲ್ಲೇ ಲೆಕ್ಕ ಹಾಕಿ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರ ಪದ್ಯ ಯಾರು ಬೇಕಾದರೂ ಹಾಡಬಹುದು. ಡಿ.ವಿ.ಜಿ. ಹೋದದ್ದು 1975, 2035ರ ಕೊನೆಯವರೆಗೆ ಅನುಮತಿ ಬೇಕು. ಬೇಂದ್ರೆ 1981, ಹಾಗಾಗಿ 2041. ಕುವೆಂಪು 1994, ಅಂದರೆ 2054. ‘ಶಾಲೆಯಲ್ಲಿ ಕಲಿತ ಪದ್ಯ, ಎಲ್ಲರಿಗೂ ಸೇರಿದ್ದು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಇನ್ನೂ ಸೂಕ್ಷ್ಮವಾದದ್ದು ಶಿಶುನಾಳ ಶರೀಫರ ಪದಗಳು. ಶರೀಫರು 19ನೇ ಶತಮಾನದವರು, ಸಾಹಿತ್ಯ ಮುಕ್ತ. ಆದರೆ ಜನರ ಬಾಯಲ್ಲಿರುವ ಧಾಟಿಗಳಲ್ಲಿ ಹಲವು ಸಿ. ಅಶ್ವತ್ಥ್ ಹಾಕಿದ್ದು, ಅವರು ಹೋದದ್ದು 2009ರಲ್ಲಿ. ಪದ ಬಿಟ್ಟಿ ಸಿಕ್ಕಿತೆಂದು ಅವರ ಧಾಟಿಯಲ್ಲೇ ಹಾಡಿಸಿದರೆ ಸಂಗೀತದ ಹಕ್ಕಿಗೆ ಕೈ ಹಾಕಿದಂತೆ. ಹೊಸ ಧಾಟಿ ಹಾಕಿಸಿ, ಇಲ್ಲವೇ ಆ ಹಕ್ಕು ಈಗ ಯಾರ ಕೈಲಿದೆಯೆಂದು ಹುಡುಕಿ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ವಿಡಿಯೊದ ಕೆಳಗೆ ‘ಎಲ್ಲ ಹಕ್ಕುಗಳೂ ಮೂಲ ಒಡೆಯರಿಗೆ ಸೇರಿದ್ದು’ ಎಂದು ಬರೆದರೆ ರಕ್ಷಣೆ ಸಿಗುವುದಿಲ್ಲ. ಹಾಡು ನಿಮ್ಮದಲ್ಲವೆಂದು ನೀವೇ ಬರೆದುಕೊಟ್ಟಂತಾಗುತ್ತದೆ.

ಹೊಸ ಹಾಡಾದರೆ ಪಾಲುಪಟ್ಟಿ ಬರೆಯಬೇಕು. ಉದ್ಯಮದವರು ಸ್ಪ್ಲಿಟ್ ಶೀಟ್ ಅನ್ನುತ್ತಾರೆ. ಒಂದೇ ಹಾಳೆ ಸಾಕು: ಹಾಡಿನ ಹೆಸರು, ಪ್ರತಿಯೊಬ್ಬರ ಪ್ಯಾನ್ ಕಾರ್ಡಿನಲ್ಲಿರುವ ಹೆಸರು, ತೆರೆಯ ಮೇಲೆ ಬರುವ ಹೆಸರು, ಮಾಡಿದ ಕೆಲಸ, ಶೇಕಡಾ ಪಾಲು, ಐಪಿಐ ಸಂಖ್ಯೆ (ಗೀತರಚನೆಕಾರರನ್ನು, ಸಂಯೋಜಕರನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಇದ್ದರೆ ಅದು, ಸಹಿ, ದಿನಾಂಕ. ಪಾಲುಗಳ ಮೊತ್ತ ಸರಿಯಾಗಿ 100 ಆಗಬೇಕು. ಸಾಹಿತ್ಯಕ್ಕೆ 50, ಸಂಗೀತಕ್ಕೆ 50 ಎಂದು ಶುರುಮಾಡುವುದು ವಾಡಿಕೆ. ಜಗಳ ಹುಟ್ಟುವುದು ಪ್ರೋಗ್ರಾಮಿಂಗ್, ಅಂದರೆ ಕೀಬೋರ್ಡ್, ಕಂಪ್ಯೂಟರಿನಲ್ಲಿ ವಾದ್ಯಭಾಗ ಕಟ್ಟುವ ಕೆಲಸ ಮಾಡಿದವರ ವಿಷಯದಲ್ಲಿ. ಸಂಗೀತ ನಿರ್ದೇಶಕರು ಗುನುಗಿದ್ದು ನಾಲ್ಕು ಸಾಲು; ಹಾಡು ಹಿಟ್ ಆಗಲು ಕಾರಣವಾದ ಪಲ್ಲವಿಯ ಮುಂಚಿನ ಬೇಸ್ ತುಣುಕು ಕೀಬೋರ್ಡ್‌ನವರದು. ಅವರಿಗೆ ಸಂಯೋಜನೆಯಲ್ಲಿ ಪಾಲಿದೆಯೋ ಒಂದೇ ಸಲದ ಸಂಭಾವನೆಯೋ ಸ್ಪಷ್ಟವಾಗಿ ಬರೆಯಿರಿ. ಪಾಲಿಲ್ಲದಿದ್ದರೆ ಖಾನೆ ಖಾಲಿ ಬಿಡಬೇಡಿ, 0 ಎಂದು ನಮೂದಿಸಿ. ಹಾಡುಗಾರರು ಸಂಯೋಜನೆಯ ಪಾಲುದಾರರಲ್ಲ, ಅವರ ಹಕ್ಕು ಬೇರೆ. ಅದನ್ನು ಈ ಹಾಳೆಗೆ ತುರುಕಬೇಡಿ.

ಸಹಿ ಹಾಕಿಸಬೇಕಾದದ್ದು ಫೈನಲ್ ಮಿಕ್ಸ್ ಸ್ಟುಡಿಯೊದಿಂದ ಹೊರಬೀಳುವ ಮುಂಚೆ. ಆಮೇಲೆ ಹಾಕಿಸಲು ಹೋದರೆ ‘ನಮ್ಮನಮ್ಮಲ್ಲಿ ಕಾಗದ ಯಾಕೆ ಸಾರ್’ ಎಂಬ ಉತ್ತರ ಸಿಗುತ್ತದೆ. ಹಾಡು ಹಿಟ್ಟಾದ ಮೇಲೆ ಆ ಉತ್ತರವೂ ಸಿಗುವುದಿಲ್ಲ.

ಇನ್ನು ಕರಾರು. ಹಕ್ಕಿನ ವರ್ಗಾವಣೆಗೆ ಬರಹ ಮತ್ತು ಸಹಿ ಕಡ್ಡಾಯ. ವಾಟ್ಸ್‌ಆ್ಯಪ್‌ನ ‘ಓಕೆ ಸರ್’ ನೆಚ್ಚಿಕೊಳ್ಳಬೇಡಿ. ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಕೂತು ಓದಿ. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಆ ವರ್ಗಾವಣೆ ಬಿದ್ದುಹೋಗುತ್ತದೆ. 2012ರ ತಿದ್ದುಪಡಿ ಇನ್ನೊಂದು ಮುಖ್ಯ ವಿಷಯ ಸೇರಿಸಿತು. ಸಿನಿಮಾದಲ್ಲಿ ಅಥವಾ ಧ್ವನಿಮುದ್ರಣದಲ್ಲಿ ಬಳಸಿದ ಸಾಹಿತ್ಯ, ಸಂಗೀತದ ರಾಯಲ್ಟಿಯಲ್ಲಿ ಕರ್ತೃವಿಗೆ ಇರುವ ಸಮಪಾಲನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡುವಂತಿಲ್ಲ; ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಹಾಡು ಕೇಳಿಸುವುದಕ್ಕೆ ಮಾತ್ರ ಇದು ಅನ್ವಯಿಸದು. ‘ಎಲ್ಲ ರಾಯಲ್ಟಿಯನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ’ ಎಂಬ ಸಾಲಿರುವ ಹಳೆಯ ಮಾದರಿ ಕರಾರು ಸಿಕ್ಕರೆ ನಕಲು ಮಾಡಬೇಡಿ. ಇಂಟರ್‌ನೆಟ್ಟಿನಿಂದ ಇಳಿಸಿದ ಅಮೆರಿಕದ ಕರಾರುಗಳೂ ಬೇಡ. ಅಲ್ಲಿನ ‘ವರ್ಕ್ ಫಾರ್ ಹೈರ್’ (ದುಡ್ಡು ಕೊಟ್ಟು ಮಾಡಿಸಿದವರೇ ಕರ್ತೃ ಎಂಬ) ಮಾತು ಇಲ್ಲಿನ ಕಾಯ್ದೆಗೆ ಹೊಂದುವುದಿಲ್ಲ.

ಹಣ ವಸೂಲಿ ಮಾಡುವವರು ಯಾರು? ಗೀತರಚನೆಕಾರರು, ಸಂಗೀತ ಸಂಯೋಜಕರು, ಪ್ರಕಾಶಕರು ಸೇರುವುದು 1969ರಲ್ಲಿ ಹುಟ್ಟಿದ ಐಪಿಆರ್‌ಎಸ್ ಎಂಬ ಕಾಪಿರೈಟ್ ಸೊಸೈಟಿಗೆ. ಧ್ವನಿಮುದ್ರಣದ ಒಡೆಯರಿಗೆ ಪಿಪಿಎಲ್, ಆರ್‌ಎಂಪಿಎಲ್‌ಗಳಂಥವು. ಗಾಯಕರಿಗೆ ಇಸಾಮ್ರಾ. ಹಾಡನ್ನು ಸ್ಪಾಟಿಫೈ, ಜಿಯೊಸಾವನ್‌ಗಳಿಗೆ ಏರಿಸಿಕೊಡುವ ವಿತರಕರು ಕೊಡುವುದು ಧ್ವನಿಮುದ್ರಣದ ಪಾಲು ಮಾತ್ರ. ‘ಡಿಸ್ಟ್ರಿಬ್ಯೂಟರ್ ಇದ್ದಾರಲ್ಲ, ಎಲ್ಲ ಬರುತ್ತೆ’ ಎಂದುಕೊಂಡು ಐಪಿಆರ್‌ಎಸ್‌ನಲ್ಲಿ ಕೃತಿ ನೋಂದಾಯಿಸದ ಗೀತರಚನೆಕಾರರು ಎಷ್ಟೋ ಜನ. ಸದಸ್ಯತ್ವ ಪಡೆದರಷ್ಟೇ ಸಾಲದು, ಒಂದೊಂದು ಹಾಡನ್ನೂ ಪಾಲಿನ ಸಮೇತ ದಾಖಲಿಸಬೇಕು.

4. ಸಂಕೇತಗಳು ಮತ್ತು ಹೆಸರಿನ ಕಾಗುಣಿತ

ಪ್ರತಿ ಧ್ವನಿಮುದ್ರಣಕ್ಕೂ ಹನ್ನೆರಡು ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಎಂಬ ಗುರುತು ಸಂಖ್ಯೆ ಇರುತ್ತದೆ. ಭಾರತದಲ್ಲಿ ಅದನ್ನು ನೋಡಿಕೊಳ್ಳುವುದು ಆಡಿಯೊ ಕಂಪನಿಗಳ ಸಂಘವಾದ ಐಎಂಐ, ವಿತರಕರೂ ಕೊಡುತ್ತಾರೆ. ಕರೋಕೆ, ರೀಮಿಕ್ಸ್, ಲೈವ್ ಆವೃತ್ತಿ ಎಲ್ಲಕ್ಕೂ ಹೊಸ ಸಂಖ್ಯೆ. ಅದೇ ರೆಕಾರ್ಡಿಂಗ್ ಬೇರೆ ಆಲ್ಬಂನಲ್ಲಿ ಬಂದರೆ ಹಳೆಯದೇ. ವಿತರಕರನ್ನು ಬದಲಿಸುವಾಗ ಹಳೆಯ ಸಂಖ್ಯೆಯನ್ನೇ ನಮೂದಿಸದಿದ್ದರೆ ಅಷ್ಟೂ ವರ್ಷ ಕೇಳಿದವರ ಲೆಕ್ಕ ಸೊನ್ನೆಗೆ ಇಳಿಯಬಹುದು. ಸಾಹಿತ್ಯ-ಸಂಗೀತದ ಕೃತಿಗೆ ಐಎಸ್‌ಡಬ್ಲ್ಯೂಸಿ ಎಂಬ ಸಂಖ್ಯೆ ಬೇರೆ, ಬಿಡುಗಡೆಗೆ (ಸಿಂಗಲ್ ಅಥವಾ ಇಡೀ ಆಲ್ಬಂಗೆ) ಯುಪಿಸಿ ಎಂಬ ಸಂಖ್ಯೆ ಬೇರೆ. ಮೂರನ್ನೂ ಒಂದೇ ಎಕ್ಸೆಲ್ ಸಾಲಿನಲ್ಲಿಡಿ.

ಕಾಗುಣಿತದ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ರಾಘವೇಂದ್ರ ಎಂಬ ಗಾಯಕರು ಒಂದು ಹಾಡಿನಲ್ಲಿ ‘ರಾಘವೇಂದ್ರ ಎಂ.’, ಇನ್ನೊಂದರಲ್ಲಿ ‘ಎಂ. ರಾಘವೇಂದ್ರ’, ಮತ್ತೊಂದರಲ್ಲಿ ‘ರಘು’ ಆದರೆ ಸ್ಟ್ರೀಮಿಂಗ್ ಆ್ಯಪ್‌ಗಳು ಮೂವರು ಕಲಾವಿದರನ್ನು ಹುಟ್ಟಿಸುತ್ತವೆ. ಕೇಳುಗರು ಹಂಚಿಹೋಗುತ್ತಾರೆ. ಇಂಗ್ಲಿಷ್ ಲಿಪಿಯಲ್ಲಿ ಒಂದೇ ರೂಪ, ಕನ್ನಡದಲ್ಲಿ ಒಂದೇ ರೂಪ ಎಂದು ಮೊದಲೇ ನಿಗದಿಮಾಡಿ, ಗಾಯಕರೂ ನೀವೂ ಒಪ್ಪಿದ್ದನ್ನು ಇಮೇಲ್‌ನಲ್ಲಿಟ್ಟುಕೊಳ್ಳಿ.

ರೆಡಿಮೇಡ್ ಲೂಪ್ ಪ್ಯಾಕ್‌ಗಳಿಂದ ಮೃದಂಗ, ಡೋಲಕ್ ತುಣುಕು ಎತ್ತಿಕೊಂಡ ಹಾಡನ್ನು ಯೂಟ್ಯೂಬ್ ಕಂಟೆಂಟ್ ಐಡಿಗೆ (ನಿಮ್ಮ ಧ್ವನಿಮುದ್ರಣ ಬೇರೆಯವರ ವಿಡಿಯೊದಲ್ಲಿದ್ದರೆ ತಾನಾಗಿ ಪತ್ತೆಹಚ್ಚಿ ಕ್ಲೇಮ್ ಹಾಕುವ ವ್ಯವಸ್ಥೆಗೆ) ಕೊಡಬೇಡಿ. ಅದೇ ಲೂಪನ್ನು ಸಾವಿರಾರು ಜನ ಬಳಸಿರುತ್ತಾರೆ. ನಿಮ್ಮ ಕ್ಲೇಮ್ ಅವರ ಮೇಲೆ ಬೀಳುತ್ತದೆ, ಅವರದು ನಿಮ್ಮ ಮೇಲೆ. ಒಬ್ಬ ವಾದಕರನ್ನು ಕರೆಸಿ ನುಡಿಸಿ ಮುಗಿಸುವುದೇ ಒಳ್ಳೆಯದು.

5. ಹಣದ ಲೆಕ್ಕ

ಇದು ನಿಮ್ಮ ಅಂಗಳ. ಒಂದು ಸ್ಟ್ರೀಮಿಗೆ ಇಂತಿಷ್ಟು ಪೈಸೆ ಎಂಬ ನಿಗದಿ ದರವಿಲ್ಲ. ವರಮಾನದ ಒಟ್ಟು ಗಂಟಿನಲ್ಲಿ ನಿಮ್ಮ ಹಾಡಿನ ಪಾಲಿನಷ್ಟು ಬರುತ್ತದೆ. 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿ ಇಲ್ಲ.

ಕಂಪನಿಯವರು ಕಲಾವಿದರಿಗೆ ಕೊಟ್ಟ ಅಡ್ವಾನ್ಸನ್ನು ಆಮೇಲೆ ಹೇಗೆ ಮುರಿದುಕೊಳ್ಳುತ್ತಾರೆ ಎಂಬುದನ್ನು ಮಾತ್ರ ಕರಾರಿನಲ್ಲಿ ಎರಡು ಸಲ ಓದಿ. ಅಡ್ವಾನ್ಸ್ ₹2 ಲಕ್ಷ, ಪಾಲು ಅರ್ಧರ್ಧ, ಬಂದ ಹಣ ₹6 ಲಕ್ಷ ಎಂದಿಟ್ಟುಕೊಳ್ಳಿ. ಕಲಾವಿದರ ಪಾಲಿನಿಂದ ಮುರಿದರೆ ಅವರ ₹3 ಲಕ್ಷದಲ್ಲಿ ₹2 ಲಕ್ಷ ಹೋಗಿ ₹1 ಲಕ್ಷ ಕೈಗೆ. ಅಡ್ವಾನ್ಸ್ ಸೇರಿ ಒಟ್ಟು ₹3 ಲಕ್ಷ. ಒಟ್ಟು ಮೊತ್ತದಿಂದಲೇ ಮೊದಲು ಮುರಿದರೆ ಉಳಿದ ₹4 ಲಕ್ಷದಲ್ಲಿ ಅರ್ಧ, ಅಂದರೆ ₹2 ಲಕ್ಷ; ಅಡ್ವಾನ್ಸ್ ಸೇರಿ ₹4 ಲಕ್ಷ. ಕರಾರಿನ ಒಂದೇ ಸಾಲಿಗೆ ಒಂದು ಲಕ್ಷದ ವ್ಯತ್ಯಾಸ. ವಿಡಿಯೊ ಚಿತ್ರೀಕರಣದ ಖರ್ಚನ್ನೂ ಇದೇ ಗಂಟಿಗೆ ಸೇರಿಸಿದ್ದಾರೆಯೇ ಕೇಳಿ.

ತೆರಿಗೆ: ರಾಯಲ್ಟಿ, ವೃತ್ತಿಪರ ಶುಲ್ಕಕ್ಕೆ ಸಾಮಾನ್ಯವಾಗಿ ಶೇ 10 ಟಿಡಿಎಸ್. ಸೇವೆಯ ವಹಿವಾಟು ವರ್ಷಕ್ಕೆ ₹20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಸಂಗೀತ ಸಂಯೋಜಕರು ಕಂಪನಿಗೆ ಹಕ್ಕು ಕೊಡುವಾಗ ಜಿಎಸ್‌ಟಿ ಕಟ್ಟುವ ಹೊಣೆ ಕಂಪನಿಯದು, ರಿವರ್ಸ್ ಚಾರ್ಜ್. ಇದು ಗೊತ್ತಿಲ್ಲದ ಸಣ್ಣ ಲೇಬಲ್‌ಗಳಿವೆ; ಸಂದರ್ಶನದಲ್ಲಿ ಈ ಮಾತು ಎತ್ತಿದರೆ ಮಾಲೀಕರ ಕಿವಿ ನೆಟ್ಟಗಾಗುತ್ತದೆ.

6. ಒಂದು ಹಾಡು ಬಿಡುಗಡೆ ಮಾಡಿ ನೋಡಿ

ಕಲಿಕೆಗೆ ಒಂದೇ ಸಾಕು. 24 ಬಿಟ್ ವೇವ್ ಫೈಲು, 3000 x 3000 ಪಿಕ್ಸೆಲ್ ಮುಖಚಿತ್ರ, ಬಿಡುಗಡೆಗೆ ನಾಲ್ಕು ವಾರ ಮುಂಚೆ ಅಪ್‌ಲೋಡ್. ಸ್ಪಾಟಿಫೈಯ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ಸೂಚಿಸಲು ಬಿಡುಗಡೆಗೆ ಮುಂಚೆ ಕನಿಷ್ಠ ಏಳು ದಿನ ಬೇಕು. ಗುರುವಾರ ರಾತ್ರಿ ಏರಿಸಿ ಶುಕ್ರವಾರ ಬಿಡುವವರಿಗೆ ಆ ಬಾಗಿಲು ಮುಚ್ಚಿರುತ್ತದೆ. ವರ್ಷಕ್ಕಿಷ್ಟು ಎಂದು ಕಟ್ಟುವ ವಿತರಣಾ ಯೋಜನೆ ಅಗ್ಗ ಕಾಣುತ್ತದೆ, ಆದರೆ ಕಟ್ಟುವುದು ನಿಲ್ಲಿಸಿದರೆ ಎಷ್ಟೋ ಕಡೆ ಹಾಡೂ ಇಳಿಯುತ್ತದೆ. ಟೆಲಿಗ್ರಾಂನಲ್ಲಿ ಲಕ್ಷ ಸ್ಟ್ರೀಮ್ ಮಾರುವವರ ಹತ್ತಿರ ಸುಳಿಯಬೇಡಿ. ಅದು ಬಾಟ್‌ಗಳ ಕೆಲಸ. ಸಿಕ್ಕಿಬಿದ್ದರೆ ಹಾಡು ತೆಗೆಯುತ್ತಾರೆ, ವಿತರಕರಿಂದ ದಂಡವೂ ಬೀಳಬಹುದು. ವಾರಾಂತ್ಯದ ‘ಮ್ಯೂಸಿಕ್ ಬಿಸಿನೆಸ್ ಸರ್ಟಿಫಿಕೇಟ್’ಗಳಿಗೆ ಸುರಿಯುವ ಹಣದಲ್ಲಿ ಕಾಪಿರೈಟ್ ವಕೀಲರ ಒಂದು ಗಂಟೆ ಕೊಳ್ಳಿ.

7. ಬಾಗಿಲು ತಟ್ಟುವುದು

ರೆಸ್ಯುಮೆಯ ಮೇಲ್ತುದಿಯಲ್ಲಿ ‘ಬಾಲ್ಯದಿಂದ ಸಂಗೀತದ ಹುಚ್ಚು’ ಎಂದು ಬರೆಯಬೇಡಿ, ಅಲ್ಲಿ ಎಲ್ಲರಿಗೂ ಆ ಹುಚ್ಚಿದೆ. ಆ ಕಂಪನಿಯ ಹತ್ತು ಹಳೆಯ ಹಾಡು ಆರಿಸಿ ಒಂದು ಪುಟದ ತಪಾಸಣೆ ಮಾಡಿ: ಯಾವುದರಲ್ಲಿ ಗೀತರಚನೆಕಾರರ ಹೆಸರಿಲ್ಲ, ಯಾವುದರಲ್ಲಿ ಗಾಯಕರ ಕಾಗುಣಿತ ಎರಡು ಥರ ಇದೆ, ಯಾವುದು ಯೂಟ್ಯೂಬಿನಲ್ಲಿದ್ದೂ ಸ್ಟ್ರೀಮಿಂಗ್ ಆ್ಯಪ್‌ನಲ್ಲಿಲ್ಲ. ಆಕ್ಷೇಪದ ಧ್ವನಿ ಬೇಡ; ಪಟ್ಟಿ ಕೊಟ್ಟು, ಸರಿಪಡಿಸಲು ಎಷ್ಟು ದಿನ ಬೇಕೆಂದು ಹೇಳಿ. ಹಿರಿಯ ಸಂಗೀತ ನಿರ್ದೇಶಕರ ಮುಂದೆ ಸ್ಟೇಕ್‌ಹೋಲ್ಡರ್, ಡೆಲಿವರಬಲ್ ಎಂಬ ಭಾಷೆ ತೆಗೆಯಬೇಡಿ. ‘ಸಾರ್, ಈ ಹಾಡಿನ ಕಾಗದ ಯಾರ ಹತ್ತಿರ ಇದೆ?’ ಎಂದು ಕೇಳಿ. ಬಹಳ ಸಲ ಉತ್ತರ ಸಿಗುವುದು ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಅಕೌಂಟೆಂಟ್ ಹತ್ತಿರ. ಮೊದಲು ಅವರ ಸ್ನೇಹ ಸಂಪಾದಿಸಿ.

ಸಂಬಳ ಇಳಿಯುತ್ತದೆ. ಅದಕ್ಕೆ ಬದಲಾಗಿ ನೀವು ತಂದ ಲೈಸೆನ್ಸ್ ವ್ಯವಹಾರದ ಮೇಲೆ ಶೇಕಡಾವಾರು ಕೇಳಿ, ಲೆಕ್ಕ ನೋಡುವ ಹಕ್ಕಿನ ಸಮೇತ ಬರೆಸಿಕೊಳ್ಳಿ. ಆಫರ್ ಲೆಟರ್ ಕೈಗೆ ಬಂದ ಮೇಲೆಯೇ ಹಳೆಯ ಕಡೆ ನೋಟಿಸ್. ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ, ಸಣ್ಣ ಆಡಿಯೊ ಕಂಪನಿಯಲ್ಲಿ ಅದು ಇರುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ನೋಟಿಸ್ ಅವಧಿಯಲ್ಲೇ ಮನೆಯವರ ಹೆಸರೂ ಸೇರಿದ ಸ್ವಂತ ಪಾಲಿಸಿ ಮಾಡಿಸಿ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ಕಾಯಬೇಕಾಗುತ್ತದೆ, ಆ ದಿನಗಳು ಹಳೆಯ ಕೆಲಸದಲ್ಲಿರುವಾಗಲೇ ಮುಗಿಯುವಂತೆ ತಾರೀಕು ಹಾಕಿ.