ವಿಶ್ವವಿದ್ಯಾಲಯದ ಕಲಾ ಉತ್ಸವವನ್ನು ಆನ್‌ಲೈನ್‌ನಲ್ಲಿ ನಡೆಸುವುದು ಹೇಗೆ?

ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕಾಗಲಿ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕಾಗಲಿ ಸೇರಿದ ಕಾಲೇಜುಗಳು ಒಂದೆರಡು ಊರುಗಳಲ್ಲಿಲ್ಲ. ಹಲವು ತಾಲ್ಲೂಕುಗಳಲ್ಲಿ ಹರಡಿಕೊಂಡಿವೆ. ಇಂಥ ವಿಶ್ವವಿದ್ಯಾಲಯವೊಂದು ತನ್ನ ಕಲಾ ಉತ್ಸವವನ್ನು ಆನ್‌ಲೈನ್‌ನಲ್ಲಿ ನಡೆಸಿದರೆ, ವೇದಿಕೆಯಲ್ಲಿ ಹಾಡುವ ಹುಡುಗಿಯ ದನಿಯನ್ನು ಇಂಡಿಯಲ್ಲಿರುವ ಅವಳ ಅಜ್ಜಿಯೂ ಪುಣೆಯಲ್ಲಿ ದುಡಿಯುತ್ತಿರುವ ಅಣ್ಣನೂ ಒಂದೇ ಹೊತ್ತಿಗೆ ಕೇಳಬಹುದು. ಆದರೆ ವೇದಿಕೆಯ ಎದುರು ಒಂದು ಕ್ಯಾಮೆರಾ ನಿಲ್ಲಿಸಿದ ಮಾತ್ರಕ್ಕೆ ಉತ್ಸವವು ಪರದೆಗೆ ಬರುವುದಿಲ್ಲ. ಒಂದೊಂದು ಕಲೆಯೂ ಒಂದೊಂದು ಬಗೆಯ ಸಿದ್ಧತೆಯನ್ನು ಬೇಡುತ್ತದೆ. ಆ ಸಿದ್ಧತೆಯನ್ನು ಕಲೆಯ ಸ್ವಭಾವ ನಿರ್ಧರಿಸಬೇಕೇ ಹೊರತು ಕೈಯಲ್ಲಿರುವ ಯಂತ್ರವಲ್ಲ.

ಮೊದಲು ವಿಂಗಡಣೆ

ಅಂತರ ವಿಶ್ವವಿದ್ಯಾಲಯ ಯುವಜನೋತ್ಸವಗಳಲ್ಲಿ ಸ್ಪರ್ಧೆಗಳನ್ನು ಸಂಗೀತ, ನೃತ್ಯ, ಸಾಹಿತ್ಯ, ರಂಗಭೂಮಿ, ಲಲಿತಕಲೆ ಎಂದು ಐದು ವಿಭಾಗ ಮಾಡುವ ರೂಢಿಯಿದೆ. ಆನ್‌ಲೈನ್ ಉತ್ಸವಕ್ಕೆ ಈ ವಿಭಾಗಗಳ ಜೊತೆಗೆ ಇನ್ನೊಂದು ವಿಂಗಡಣೆ ಬೇಕು: ಯಾವುದು ನೇರಪ್ರಸಾರಕ್ಕೆ, ಯಾವುದು ಮೊದಲೇ ಚಿತ್ರೀಕರಿಸಿ ನಿಗದಿತ ಸಮಯಕ್ಕೆ ಬಿಡುವುದಕ್ಕೆ, ಯಾವುದು ನೋಡುಗರು ತಮಗೆ ಬಿಡುವಾದಾಗ ತೆರೆದು ನೋಡುವ ಪ್ರದರ್ಶನಕ್ಕೆ. ಕಾರ್ಯಕ್ರಮ ಪಟ್ಟಿ ಅಚ್ಚಾಗುವ ಮೊದಲೇ ಇದು ಮುಗಿದಿರಬೇಕು.

ಉತ್ತರ ಕರ್ನಾಟಕದ ಜನಪದ ಹಾಡುಗಾರಿಕೆಯಾದ ಗೀಗೀ ಪದವನ್ನೇ ನೋಡಿ. ಹರದೇಶಿ ಮತ್ತು ನಾಗೇಶಿ ಮೇಳಗಳು ಎದುರುಬದುರು ಕುಳಿತು, ಒಂದು ಮೇಳ ಎಸೆದ ಸವಾಲಿಗೆ ಇನ್ನೊಂದು ಮೇಳ ಪದದಲ್ಲೇ ಜವಾಬು ಕೊಡುವಾಗ ಕೇಳುಗರಲ್ಲಿ ಏಳುವ ಕುತೂಹಲವು ಕತ್ತರಿಸಿ ಜೋಡಿಸಿದ ಚಿತ್ರದಲ್ಲಿ ಉಳಿಯುವುದಿಲ್ಲವಾದ್ದರಿಂದ ಅದನ್ನು ನೇರವಾಗಿಯೇ ಪ್ರಸಾರ ಮಾಡಬೇಕು. ಆದರೆ ಎರಡೂ ಮೇಳಗಳು ಒಂದೇ ಊರಿನ ಒಂದೇ ವೇದಿಕೆಯಲ್ಲಿರಬೇಕು. ಒಂದು ಮೇಳವನ್ನು ವಿಜಯಪುರದಲ್ಲೂ ಇನ್ನೊಂದನ್ನು ಬೆಳಗಾವಿಯಲ್ಲೂ ಕೂರಿಸಿ ವಿಡಿಯೊ ಕರೆಯಲ್ಲಿ ಜೋಡಿಸುವ ಯೋಚನೆ ಕೇಳಲು ಚೆಂದ, ನಡೆಸಲು ಆಗದು. ತಾಳ ಹಿಡಿದು ಕೂಡಿ ಹಾಡುವವರಿಗೆ ಸುಮಾರು 30 ಮಿಲಿಸೆಕೆಂಡ್‌ಗಿಂತ ಹೆಚ್ಚು ತಡವಾದರೆ ಲಯ ಕೈ ತಪ್ಪತೊಡಗುತ್ತದೆ. ಸಾಮಾನ್ಯ ವಿಡಿಯೊ ಕರೆಯಲ್ಲಿ ದನಿ ತಲುಪಲು ಅದಕ್ಕಿಂತ ಹಲವು ಪಟ್ಟು ಹೆಚ್ಚು ಹೊತ್ತು ಹಿಡಿಯುತ್ತದೆ. ಹಾರ್ಮೋನಿಯಂ ಒಂದೂರಲ್ಲಿ, ಹಾಡುಗಾರರು ಇನ್ನೊಂದೂರಲ್ಲಿ ಎಂಬ ಏರ್ಪಾಡನ್ನು ಇದೇ ಕಾರಣಕ್ಕೆ ಕೈಬಿಡಬೇಕು. ಚರ್ಚಾಸ್ಪರ್ಧೆ, ರಸಪ್ರಶ್ನೆ, ಕವಿಗೋಷ್ಠಿಗಳನ್ನು ಮಾತ್ರ ಬೇರೆ ಬೇರೆ ಊರುಗಳಿಂದ ನಡೆಸಬಹುದು.

ಬಾಗಲಕೋಟೆ, ಬೆಳಗಾವಿ ಸೀಮೆಯ ಹೆಮ್ಮೆಯಾದ ಜನಪದ ಆಟ ಶ್ರೀಕೃಷ್ಣ ಪಾರಿಜಾತವನ್ನು ಬೆಳಗಿನವರೆಗೆ ಆಡುವ ಸಂಪ್ರದಾಯವಿದೆ. ಅದನ್ನು ನಲವತ್ತು ನಿಮಿಷಕ್ಕೆ ಹಿಂಡಿಬಿಡುವ ಬದಲು, ಭಾಗವತ ಮತ್ತು ದೂತಿಯರ ಸಂವಾದವಿರುವ ಒಂದು ಪ್ರಸಂಗವನ್ನು ಪೂರ್ತಿಯಾಗಿ, ಹಾಡುಗಳನ್ನು ಕತ್ತರಿಸದೆ ಕೊಡುವುದು ಮೇಲು. ಇಡೀ ರಾತ್ರಿಯ ಆಟವನ್ನೇ ಪ್ರಸಾರ ಮಾಡುವ ಉತ್ಸಾಹವಿದ್ದರೆ ಅದಕ್ಕೂ ಅಡ್ಡಿಯಿಲ್ಲ. ಯೂಟ್ಯೂಬ್ 12 ಗಂಟೆಗಿಂತ ಕಡಿಮೆ ಅವಧಿಯ ನೇರಪ್ರಸಾರವನ್ನು ತಾನಾಗಿಯೇ ಉಳಿಸಿಕೊಳ್ಳುತ್ತದೆ. ಮೂಕಾಭಿನಯ ಮತ್ತು ಏಕಾಂಕಗಳನ್ನು ಮೊದಲೇ ಚಿತ್ರೀಕರಿಸಿ ‘ಪ್ರೀಮಿಯರ್’ ಆಗಿ ಬಿಡುವುದು ಸೂಕ್ತ.

ದನಿಗೆ ಮೊದಲ ಮಣೆ

ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ. ದನಿ ಒಡೆದರೆ ಎರಡು ನಿಮಿಷವೂ ನಿಲ್ಲುವುದಿಲ್ಲ. ಆದ್ದರಿಂದ ಕೈಯಲ್ಲಿರುವ ಹಣದಲ್ಲಿ ಹೆಚ್ಚಿನ ಪಾಲು ಮೈಕ್‌ಗೆ ಹೋಗಲಿ. ಕರಡಿ ಮಜಲು ಎಂಬ ಜನಪದ ವಾದ್ಯಮೇಳದ ಕರಡಿ ಎಂಬ ಚರ್ಮವಾದ್ಯ, ಸನಾದಿ ಎಂಬ ಊದುವ ವಾದ್ಯಗಳಂಥ ದೊಡ್ಡ ದನಿಯ ವಾದ್ಯಗಳಿಗೂ ಡೊಳ್ಳಿಗೂ ಮೈಕನ್ನು ದೂರ ಇಟ್ಟು, ಮೀಟರಿನ ಗರಿಷ್ಠ ಮಟ್ಟ ಮೈನಸ್ 12 ಡೆಸಿಬಲ್‌ನ ಆಸುಪಾಸಿನಲ್ಲಿ ನಿಲ್ಲುವಂತೆ ಹೊಂದಿಸಬೇಕು. ಆವೇಶ ಬಂದಾಗ ಪೆಟ್ಟು ಜೋರಾಗಿಯೇ ಬೀಳುತ್ತದೆ, ಆಗ ದನಿ ಒಡೆಯದಿರಲು ಈ ಅಂತರ ಬೇಕು. ಒಬ್ಬರೇ ವಚನ ಹಾಡುವಾಗ ಒಂದು ಗೇಣಿನಷ್ಟು ದೂರ ಸಾಕು.

ಜೂಮ್‌ನಂಥ ವೇದಿಕೆಗಳು ಮಾತಿಗಾಗಿ ರೂಪುಗೊಂಡಿವೆ. ತಂಬೂರಿಯ ಎಡೆಬಿಡದ ನಾದವನ್ನು ಅವು ಫ್ಯಾನಿನ ಸದ್ದೆಂದು ಬಗೆದು ಅಳಿಸಿಹಾಕುತ್ತವೆ. ಜೂಮ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಸಂಗೀತಗಾರರಿಗೆಂದೇ ಇರುವ ‘ಒರಿಜಿನಲ್ ಸೌಂಡ್’ ಆಯ್ಕೆಯನ್ನು ಹಾಕಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ.

ಸಭಾಂಗಣದ ಗೋಡೆಗಳನ್ನೂ ಗಮನಿಸಬೇಕು. ಗೋಲಗುಂಬಜದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ಏಳಕ್ಕೂ ಹೆಚ್ಚು ಸಲ ಮರುಕಳಿಸುವುದನ್ನು ನಾವು ಬೆರಗಿನಿಂದ ಕೇಳುತ್ತೇವೆ. ಅದೇ ಗುಣ ಸಣ್ಣ ಪ್ರಮಾಣದಲ್ಲಿ ಟೈಲ್ಸ್ ಹಾಕಿದ ಕಾಲೇಜು ಸಭಾಂಗಣದಲ್ಲಿದ್ದರೆ ಹಾಡಿನ ಮಾತುಗಳು ಒಂದರ ಮೇಲೊಂದು ಬಿದ್ದು ಅರ್ಥ ಕಳೆದುಕೊಳ್ಳುತ್ತವೆ. ನೆಲಕ್ಕೆ ಜಮಖಾನೆ ಹಾಸಿ, ಕ್ಯಾಮೆರಾಕ್ಕೆ ಕಾಣದ ಗೋಡೆಗಳಿಗೆ ಮನೆಯ ದಪ್ಪ ಕೌದಿಗಳನ್ನು ತೂಗುಹಾಕಿದರೆ ಪ್ರತಿಧ್ವನಿ ಕಿವಿಗೆ ತಿಳಿಯುವಷ್ಟು ತಗ್ಗುತ್ತದೆ. ದುಬಾರಿ ಫೋಮ್ ಹಲಗೆಗಳನ್ನು ಕೊಳ್ಳುವ ಅಗತ್ಯವಿಲ್ಲ.

ಬೆಳಕಿನ ವಿಷಯದಲ್ಲಿ ಒಂದೇ ಮುಖ್ಯ ಸಂಗತಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಕ್ಯಾಮೆರಾದ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ, ಚೌಕಟ್ಟಿನ ವೇಗವನ್ನು ಸೆಕೆಂಡಿಗೆ 25ಕ್ಕೆ ಇಟ್ಟರೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಚಿತ್ರ ಮಿನುಗುವ ಕಾಟ ತಪ್ಪುತ್ತದೆ.

ಪ್ರದರ್ಶನ ವಿಭಾಗ

ಚಿತ್ರಕಲೆಯ ಛಾಯಾಚಿತ್ರ ತೆಗೆಯುವಾಗ ಗಾಜಿನ ಚೌಕಟ್ಟನ್ನು ಬಿಚ್ಚಿ, ಎಡಬಲಗಳಿಂದ 45 ಡಿಗ್ರಿ ಕೋನದಲ್ಲಿ ಎರಡು ಸಮಾನ ದೀಪಗಳನ್ನಿಟ್ಟು, ಕ್ಯಾಮೆರಾವನ್ನು ಚಿತ್ರದ ನಡುಮಧ್ಯಕ್ಕೆ ನೇರವಾಗಿ ನಿಲ್ಲಿಸಬೇಕು. ರಂಗೋಲಿಯನ್ನು ಮೇಲಿನಿಂದ, ಮೊದಲ ಚುಕ್ಕಿಯಿಂದ ಕೊನೆಯ ಎಳೆಯವರೆಗೆ ಸೆರೆಹಿಡಿದು ವೇಗ ಹೆಚ್ಚಿಸಿ ತೋರಿಸಿದರೆ, ಕೈ ನಡೆಯುವ ಕ್ರಮವೂ ನೋಡುಗರಿಗೆ ತಿಳಿಯುತ್ತದೆ. ಮಣ್ಣಿನ ಕಲಾಕೃತಿ ಮತ್ತು ಗೋಕಾಕದ ಮರದ ಆಟಿಕೆಗಳನ್ನು ತಿರುಗುವ ಹಲಗೆಯ ಮೇಲಿಟ್ಟು ಸುತ್ತಲೂ ತೆಗೆಯಬೇಕು.

ನೇಯ್ಗೆ ಮತ್ತು ಕಸೂತಿಗೆ ಹೆಚ್ಚು ತಾಳ್ಮೆ ಬೇಕು, ಮತ್ತು ಈ ಭಾಗದ ಉತ್ಸವಕ್ಕೆ ಅದೇ ಕಿರೀಟ. ಇಳಕಲ್ ಸೀರೆಯ ಸೆರಗಿನ ಕೆಂಪನ್ನು ಮೊಬೈಲ್ ಕ್ಯಾಮೆರಾಗಳು ವಿಪರೀತ ಗಾಢವಾಗಿಸಿ ನೂಲಿನ ಎಳೆಗಳನ್ನೇ ಮುಚ್ಚಿಬಿಡುತ್ತವೆ. ಎಕ್ಸ್‌ಪೋಷರನ್ನು ಸ್ವಲ್ಪ ಇಳಿಸಿ, ಪಕ್ಕದಲ್ಲಿ ಬೂದು ಬಣ್ಣದ ಕಾರ್ಡ್ ಇಟ್ಟು ತೆಗೆದ ಒಂದು ಚಿತ್ರವನ್ನು ಬಣ್ಣ ತಿದ್ದಲು ಬಳಸಬೇಕು. ಒಡಲಿನ ಹಾಸು (ಉದ್ದೆಳೆಗಳು) ಸೆರಗಿನ ಹಾಸಿನೊಂದಿಗೆ ಕೂಡುವ ಕೊಂಡಿಯ ಜಾಗವನ್ನು ಹತ್ತಿರದಿಂದ ತೋರಿಸದಿದ್ದರೆ ಇಳಕಲ್‌ನ ಹೆಚ್ಚುಗಾರಿಕೆಯನ್ನೇ ಬಿಟ್ಟಂತೆ. ಗುಳೇದಗುಡ್ಡದ ಖಣ ಎಂಬ ರವಿಕೆ ಬಟ್ಟೆಗೆ ಬೆಳಕು ಓರೆಯಾಗಿ ಬೀಳಬೇಕು. ಆಗ ಬುಟ್ಟಾಗಳು ಎದ್ದು ಕಾಣುತ್ತವೆ. ಕಸೂತಿಯ ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಗೆ ಒಂದೇ ತೆರನಾಗಿ ಕಾಣುವುದರಿಂದ ಹಿಂಬದಿಯ ಚಿತ್ರವನ್ನೂ ಜೊತೆಗಿಡಲೇಬೇಕು. ಪ್ರತಿ ವಸ್ತುವಿನ ಕೆಳಗೆ ಮಾಡಿದವರ ಹೆಸರು, ಊರು, ಅಳತೆ, ಬಳಸಿದ ಸಾಮಗ್ರಿ ಇರಲಿ. ಕಣ್ಣು ಕಾಣದವರು ಮೊಬೈಲಿನಲ್ಲಿ ಕೇಳಿಸಿಕೊಳ್ಳಲು ಎರಡು ಸಾಲಿನ ವಿವರಣೆಯೂ ಇರಲಿ.

ಅನುಮತಿ ಮತ್ತು ಒಪ್ಪಿಗೆ

1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು ನಾಟಕ, ಹಾಡು ಪ್ರದರ್ಶಿಸಲು ವಿನಾಯಿತಿ ಕೊಡುತ್ತದೆ. ಆದರೆ ಆ ವಿನಾಯಿತಿ ನೋಡುಗರು ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಹಾಗೂ ಸಂಸ್ಥೆಗೆ ಸಂಬಂಧಿಸಿದವರಷ್ಟೇ ಆಗಿರುವ ಸಂದರ್ಭವನ್ನು ಉದ್ದೇಶಿಸಿದ್ದು. ಜಗತ್ತೆಲ್ಲ ನೋಡಬಹುದಾದ ಪ್ರಸಾರಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಬರಹಗಾರರು ತೀರಿಕೊಂಡ ನಂತರವೂ 60 ವರ್ಷ ಹಕ್ಕು ಉಳಿಯುವುದರಿಂದ ಆಧುನಿಕ ನಾಟಕ ಮತ್ತು ಭಾವಗೀತೆಗಳಿಗೆ ಲಿಖಿತ ಅನುಮತಿ ಪಡೆಯಬೇಕು. 12ನೇ ಶತಮಾನದ ವಚನಕ್ಕೆ ಆ ತೊಡಕಿಲ್ಲ, ಆದರೆ ಅದಕ್ಕೆ ಇತ್ತೀಚೆಗೆ ಹಾಕಿದ ರಾಗಸಂಯೋಜನೆಗೆ ಇರಬಹುದು. ಸಿನಿಮಾ ಹಾಡಿನ ಟ್ರ್ಯಾಕ್ ಹಾಕಿ ಕುಣಿದರೆ ಯೂಟ್ಯೂಬ್‌ನ ಸ್ವಯಂಚಾಲಿತ ತಪಾಸಣೆ ಅದನ್ನು ಗುರುತಿಸಿ ತಡೆಯಬಹುದು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ನೃತ್ಯ ಚಿತ್ರೀಕರಿಸುವ ಆಸೆಯಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಬಹಳ ಮೊದಲೇ ಅರ್ಜಿ ಹಾಕಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ವಿದ್ಯಾರ್ಥಿನಿಯರ ಒಪ್ಪಿಗೆ. ವಿಡಿಯೊ ಎಲ್ಲಿ ಕಾಣಿಸುತ್ತದೆ, ಎಷ್ಟು ಕಾಲ ಇರುತ್ತದೆ, ಬೇಡವೆನಿಸಿದರೆ ಯಾರಿಗೆ ಹೇಳಿ ತೆಗೆಸಬಹುದು ಎಂಬುದನ್ನು ಕನ್ನಡದಲ್ಲೇ ಬರೆದ ಪತ್ರಕ್ಕೆ ಸಹಿ ಪಡೆಯಬೇಕು. ಪ್ರತಿಕ್ರಿಯೆಗಳನ್ನು ಕಾಯಲು ಇಬ್ಬರನ್ನು ನೇಮಿಸಲಾಗದಿದ್ದರೆ ಆ ಅವಕಾಶವನ್ನೇ ಮುಚ್ಚಿಡುವುದು ಒಳಿತು. ಒಂದು ಕೊಳಕು ಮಾತಿನಿಂದ ಒಬ್ಬಳು ಹುಡುಗಿ ವೇದಿಕೆಯನ್ನೇ ಬಿಡುವಂತಾಗಬಾರದು.

ಪ್ರಸಾರದ ದಿನ

ಹೊಸ ಯೂಟ್ಯೂಬ್ ಚಾನೆಲ್‌ನಲ್ಲಿ ನೇರಪ್ರಸಾರದ ಸೌಲಭ್ಯ ತೆರೆದುಕೊಳ್ಳಲು 24 ಗಂಟೆಯವರೆಗೆ ಹಿಡಿಯಬಹುದಾದ್ದರಿಂದ ಅದನ್ನು ವಾರದ ಮೊದಲೇ ಸಿದ್ಧಪಡಿಸಿಕೊಳ್ಳಿ. 720 ಪಿಕ್ಸೆಲ್ ಚಿತ್ರವನ್ನು 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ವೇಗದಲ್ಲಿ ಕಳಿಸಿದರೆ ಗಂಟೆಗೆ ಸುಮಾರು 1.8 ಜಿಬಿ ಡೇಟಾ ಖರ್ಚಾಗುತ್ತದೆ. ಅಪ್‌ಲೋಡ್ ವೇಗ ಆ 4 ಎಂಬಿಪಿಎಸ್‌ನ ಎರಡರಷ್ಟಾದರೂ ಇರಬೇಕು, ಮತ್ತು ಆ ಪರೀಕ್ಷೆಯನ್ನು ಕಾರ್ಯಕ್ರಮ ನಡೆಯುವ ಹೊತ್ತಿನಲ್ಲೇ ಮಾಡಬೇಕು. ರೌಟರ್‌ಗೂ ಕಂಪ್ಯೂಟರ್‌ಗೂ ಯುಪಿಎಸ್ ಇರಲಿ. ಕರೆಂಟ್ ಹೋದಾಗ ಜನರೇಟರ್ ಹತ್ತಿಕೊಳ್ಳುವ ನಡುವಿನ ಆ ಅರ್ಧ ನಿಮಿಷದಲ್ಲೇ ಪ್ರಸಾರ ಕಡಿಯುವುದು. ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೊ ತಂತ್ರಾಂಶದಲ್ಲಿ ಪ್ರಸಾರದ ಜೊತೆಗೇ ಕಂಪ್ಯೂಟರಿನಲ್ಲೂ ದಾಖಲಿಸಿಕೊಂಡರೆ ಜಾಲ ಕೈಕೊಟ್ಟರೂ ಪ್ರದರ್ಶನ ಕಳೆದುಹೋಗುವುದಿಲ್ಲ.

ದಾಖಲಾದ ಮೂಲ ಕಡತಗಳ ಎರಡು ಪ್ರತಿ ಮಾಡಿ ಒಂದನ್ನು ಗ್ರಂಥಾಲಯದಲ್ಲೂ ಇನ್ನೊಂದನ್ನು ವಿಭಾಗದಲ್ಲೂ ಇಡಬೇಕು. ಹೊರಗಿನಿಂದ ಬಂದ ಪಾರಿಜಾತ ಮತ್ತು ಗೀಗೀ ಮೇಳದ ಹಿರಿಯರಿಗೆ ಲಿಂಕ್ ಕಳಿಸಿ ಸುಮ್ಮನಾಗದೆ ಅವರ ಪ್ರದರ್ಶನವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಕೈಗೆ ಕೊಡಬೇಕು, ಸಂಭಾವನೆಯನ್ನು ಪ್ರದರ್ಶನ ಮುಗಿದ ದಿನವೇ ಸಲ್ಲಿಸಬೇಕು.