ಫ್ಯಾಟಿ ಲಿವರ್ ಅಂತ ಬಂತಾ? ತೂಕದ ಮಿಷನ್ ಆಮೇಲೆ, ಮೊದ್ಲು ಟೇಪ್ ತಗೊಳ್ಳಿ

ಸ್ಕ್ಯಾನಿಂಗ್ ರಿಪೋರ್ಟಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ (ಲಿವರ್ ಒಳಗೆ ಕೊಬ್ಬು ಸೇರೋದು, ಅದರ ಮೊದಲ ಹಂತ) ಅಂತ ಬಂದ್ರೆ ಕೆಲವರು ರಾತ್ರಿಯೆಲ್ಲಾ ನಿದ್ದೆ ಬಿಡ್ತಾರೆ, ಇನ್ನು ಕೆಲವರು "ಎಲ್ರಿಗೂ ಇರತ್ತೆ ಬಿಡ್ರೀ" ಅಂತ ಫೈಲ್ ಬೀರುಗೆ ತುರುಕ್ತಾರೆ. ಎರಡೂ ಬೇಡ.

ಫಸ್ಟ್ ಹೊಟ್ಟೆ ಸುತ್ತಳತೆ ನೋಡಿ. ಪ್ಯಾಂಟ್ ಸೈಜ್ ಲೆಕ್ಕಕ್ಕಿಲ್ಲ, ಅದು ಹೊಟ್ಟೆ ಕೆಳಗೆ ಜಾರಿ ಕೂತಿರತ್ತೆ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯ ಟೇಪ್ ಸುತ್ತಿ, ಹೊಟ್ಟೆ ಒಳಗೆ ಎಳ್ಕೊಳ್ದೆ ಉಸಿರು ಬಿಟ್ಟು ಅಳೀರಿ. ಗಂಡಸ್ರಿಗೆ 90 ಸೆಂ.ಮೀ., ಹೆಂಗಸ್ರಿಗೆ 80 ದಾಟಿದ್ರೆ ಹುಷಾರಾಗ್ಬೇಕು. ಕೈಕಾಲು ಸಣ್ಣಕ್ಕಿದೆ, ನಾನೇನ್ ದಪ್ಪ ಇಲ್ವಲ್ಲ ಅನ್ನೋರಿಗೂ ಇದು ಅನ್ವಯಿಸತ್ತೆ, ಯಾಕಂದ್ರೆ ಕರುಳಿನ ಸುತ್ತ ಕೂತ ಬೊಜ್ಜಿಂದ ಹೊರಡೋ ಕೊಬ್ಬು, ಉರಿಯೂತ ಎಬ್ಬಿಸೋ ಕೆಮಿಕಲ್ ಎಲ್ಲ ರಕ್ತದ ಜೊತೆ ಸೀದಾ ಲಿವರ್‌ಗೇ ಹೋಗೋದು. ವರ್ಷಗಟ್ಲೆ ಹೀಗೇ ಬಿಟ್ರೆ ಕೆಲವರಿಗೆ ಲಿವರ್ ಗಟ್ಟಿಯಾಗ್ತಾ ಹೋಗತ್ತೆ.

ಇನ್ನು ವ್ಯಾಯಾಮ. ವಾರಕ್ಕೆ 150 ನಿಮಿಷ ಅಂದ್ರೆ ದಿನಕ್ಕೆ ಅರ್ಧ ಗಂಟೆ, 5 ದಿನ. ಪಕ್ಕದವರ ಜೊತೆ ಮಾತಾಡಕ್ಕಾಗ್ಬೇಕು ಆದ್ರೆ ಹಾಡು ಹೇಳಕ್ಕಾಗ್ಬಾರ್ದು, ಅಷ್ಟು ಸ್ಪೀಡಲ್ಲಿ ನಡೀರಿ. ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಗೋಡೆಗೆ ಪುಶ್‌ಅಪ್, ಹೀಗೆ ಏನಾದ್ರೂ ಸೇರಿಸ್ಕೊಳ್ಳಿ. ಕೆಲಸ ಮಾಡೋ ಸ್ನಾಯು ರಕ್ತದಲ್ಲಿರೋ ಸಕ್ಕರೆನ ತಾನೇ ಎಳ್ಕೊಳತ್ತೆ, ಲಿವರ್‌ಗೆ ಅದನ್ನ ಕೊಬ್ಬು ಮಾಡಿಡೋ ಕೆಲಸ ಕಮ್ಮಿಯಾಗತ್ತೆ. (ವಾಕಿಂಗ್ ಮುಗಿಸಿ ದರ್ಶಿನಿಗೆ ನುಗ್ಗಿ ವಡೆ, ಸಕ್ಕರೆ ಕಾಫಿ ಹೊಡೆದ್ರೆ ನಾನೇನೂ ಹೇಳಲ್ಲ.)

ತಿಂಗಳಾದ್ರೂ ತೂಕ ಇಳೀಲಿಲ್ಲ ಅಂತ ಬಿಟ್ಬಿಡ್ತಾರೆ ನೋಡಿ, ಅಲ್ಲೇ ಎಡವೋದು. ತೂಕ ಅಲ್ಲೇ ನಿಂತಿದ್ರೂ ಲಿವರ್ ಒಳಗಿನ ಕೊಬ್ಬು ಕರಗ್ತಿರಬಹುದು. ಉರಿಯೂತ ಚೆನ್ನಾಗಿ ಇಳೀಬೇಕಂದ್ರೆ ಮಾತ್ರ 7ರಿಂದ 10 ಪರ್ಸೆಂಟ್ ತೂಕ ಇಳಿಸ್ಬೇಕು, 80 ಕೆ.ಜಿ. ಇರೋರಿಗೆ ಹೆಚ್ಚುಕಮ್ಮಿ 6ರಿಂದ 8 ಕೆ.ಜಿ. ತಿಂಗಳಿಗೆ 2-3 ಕೆ.ಜಿ. ಸಾಕು, ಉಪವಾಸ ಬಿದ್ದು ದಿಢೀರ್ ಇಳಿಸಿದ್ರೆ ಪಿತ್ತಕೋಶದಲ್ಲಿ ಕಲ್ಲಾಗೋ ಚಾನ್ಸ್ ಇದೆ.

ಬ್ಲಡ್ ಟೆಸ್ಟ್ ಇದ್ರೆ ಹಿಂದಿನ ಕೆಲವು ದಿನ ಜಿಮ್ಮಲ್ಲಿ ಭಾರ ಎತ್ತಬೇಡಿ, ಸ್ನಾಯು ದಣಿದ್ರೂ ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನೋ ಲಿವರ್ ಟೆಸ್ಟಿನ ನಂಬರ್ ಏರತ್ತೆ, ಸುಮ್ನೆ ಗಾಬರಿ. ಹಾಗಂತ ಎಸ್‌ಜಿಪಿಟಿ ನಾರ್ಮಲ್ ಬಂತು ಅಂದ್ರೆ ಲಿವರ್ ಸರಿಯಿದೆ ಅಂತಲೂ ಅಲ್ಲ. ಶುಗರ್ ಇರೋರಂತೂ "ಫಿಬ್-4 ಎಷ್ಟಿದೆ ಡಾಕ್ಟ್ರೇ?" ಅಂತ ಕೇಳಿ. ಲಿವರ್ ಎಷ್ಟು ಗಟ್ಟಿಯಾಗಿರಬಹುದು ಅಂತ ಅಂದಾಜು ಹೇಳೋ ಸ್ಕೋರ್ ಅದು. ವಯಸ್ಸು, ಅವೆರಡು ನಂಬರ್, ಪ್ಲೇಟ್‌ಲೆಟ್ ಇಷ್ಟರಿಂದಲೇ ಲೆಕ್ಕ ಹಾಕ್ತಾರೆ, 1.3 ದಾಟಿದ್ರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಸ್ಕ್ಯಾನ್) ಬೇಕಾ ಅಂತ ಅವರೇ ಹೇಳ್ತಾರೆ.